ಸಸಿ ನೆಟ್ಟರೆ ಮರ ಉಳಿದೀತು; ಮೃಗ?

ಸವಣೂರಿನ ದೊಡ್ಡಹುಣಸೆ ಕಲ್ಮಠದ ಹೆಮ್ಮರಗಳನ್ನು ಕಾಣದ ವಿದ್ಯಾರ್ಥಿ ಈ ಭಾಗದಲ್ಲಿ ವಿರಳ. ಆಫ್ರಿಕ ಮೂಲದ ಆ ಮೂರು ಮರಗಳಲ್ಲೊಂದು 2023ರ ಜುಲೈ ತಿಂಗಳಲ್ಲಿ ಬುಡಸಹಿತ ಉರುಳಿತು. ಟೊಂಗೆಗಳನ್ನು ಸವರಿ, ಯಂತ್ರಗಳ ನೆರವಿನಿಂದ ಎತ್ತಿ, ಅದನ್ನು ಮರಳಿ ನೆಡಲಾಯಿತು. ಮರವು ಮನುಷ್ಯನಿಗೆ ಇಂತಹ ಎರಡನೆಯ ಅವಕಾಶವನ್ನು ಕೊಡುತ್ತದೆ, ಮೃಗವು ಕೊಡುವುದಿಲ್ಲ. ವರ್ಷಂಪ್ರತಿ ಜರುಗುವ ವನಮಹೋತ್ಸವದ ಸಂಭ್ರಮದಲ್ಲಿ ಶಾಲೆಗಳು ಮರೆಯುವ ಭೇದವಿದು.

ಹೊರದೇಶಗಳ ಎರಡು ನಿದರ್ಶನಗಳು ಇದನ್ನು ಸ್ಪಷ್ಟಪಡಿಸುತ್ತವೆ. 1994ರಲ್ಲಿ ಆಸ್ಟ್ರೇಲಿಯದ ಕಮರಿಯೊಂದರಲ್ಲಿ ವೊಲೆಮಿ ಪೈನ್ ಎಂಬ ಶಂಕುಧಾರಿ ವೃಕ್ಷವು ಪತ್ತೆಯಾಯಿತು. ಬಲಿತ ಮರಗಳು ನೂರಕ್ಕೂ ಕಡಿಮೆ. ಆದರೂ ಟೊಂಗೆಯ ತುಂಡುಗಳಿಂದ ಸಸಿಗಳನ್ನೆಬ್ಬಿಸಿ ಜನರಿಗೆ ಮಾರಲಾಯಿತು. ಇಂದು ಅದು ಅನೇಕ ದೇಶಗಳ ತೋಟಗಳಲ್ಲಿ ಬೆಳೆಯುತ್ತಿದೆ. ಅದಕ್ಕೆ ಎರಡು ವರ್ಷ ಮೊದಲು, 1992ರಲ್ಲಿ, ವಿಯೆಟ್ನಾಮಿನ ಬೇಟೆಗಾರರ ಮನೆಗಳಲ್ಲಿ ದೊರೆತ ಕೊಂಬುಗಳಿಂದ ಸಾವೊಲಾ ಎಂಬ ಗೋಕುಲದ ಕಾಡುಪ್ರಾಣಿಯು ಬೆಳಕಿಗೆ ಬಂದಿತು. ಸೆರೆಹಿಡಿದವು ಬದುಕಲಿಲ್ಲ. 2013ರ ಬಳಿಕ ಕಾಡಿನ ಕ್ಯಾಮೆರಾಕ್ಕೂ ಅದು ಸಿಕ್ಕಿಲ್ಲ.

ಹಾನಗಲ್ಲಿನ ಪಶ್ಚಿಮಕ್ಕಿರುವ ಉತ್ತರ ಕನ್ನಡದ ಕಾಡುಗಳಲ್ಲಿ ಅದೇ ಕುಲದ ಕಾಡುಕೋಣವು ಇನ್ನೂ ಮೇಯುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಅದರ ಹೆಸರಿದೆ. ಕಾಯಿದೆಯಿರುವಾಗ ಶಾಲೆಗೇನು ಕೆಲಸವೆಂದು ಕೇಳುವವರುಂಟು. ಕಾಯಿದೆಯು ಬಂದೂಕನ್ನು ತಡೆದೀತು, ರೋಗವನ್ನು ತಡೆಯದು. 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಡುಕೋಣಗಳು ದನಗಳ ದೊಡ್ಡರೋಗಕ್ಕೆ ತುತ್ತಾಗಿ ಅಪಾರವಾಗಿ ಸತ್ತವು. ಆ ರೋಗವು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾದುದು ದನಗಳಿಗೆ ಹಾಕಿದ ಲಸಿಕೆಯ ಫಲ. ಕೊಟ್ಟಿಗೆಯ ಆಕಳನ್ನು ಕಾಯ್ದ ಸೂಜಿಯೇ ಕಾಡಿನ ಕೋಣವನ್ನೂ ಕಾಯ್ದಿತು. ಕಾಲುಬಾಯಿ ಬೇನೆಯಾದರೋ ಇಂದಿಗೂ ಉಳಿದಿದೆ. ಅದು ಕಾಡುಕೋಣಕ್ಕೂ ತಗಲುತ್ತದೆ.

ಆದುದರಿಂದ ಶಿಗ್ಗಾವಿ, ಹಿರೇಕೆರೂರುಗಳ ಬಯಲಿನ ಶಾಲೆಗಳು ಸಸಿಗಳನ್ನು ನೆಡುವುದು ಯುಕ್ತವೇ. ಆದರೆ ಕಾಡಂಚಿನ ಶಾಲೆಗಳಿಗೆ ಅಷ್ಟೇ ಸಾಲದು. ದನಗಳನ್ನು ಲಸಿಕೆಗೆ ತರುವಂತೆ ವಿದ್ಯಾರ್ಥಿಗಳು ಮನೆಮನೆಗೆ ತಿಳಿಹೇಳಲಿ, ಶಿಕ್ಷಕರು ಪಶುವೈದ್ಯರೊಡನೆ ಶಿಬಿರಗಳನ್ನು ಏರ್ಪಡಿಸಲಿ, ದಾನಿಗಳು ಅದರ ವೆಚ್ಚವನ್ನು ವಹಿಸಲಿ. ದಾನಿಯ ಹೆಸರನ್ನು ಹೊತ್ತ ಮರವು ಶಾಲೆಯ ಅಂಗಳದಲ್ಲಿ ಎಲ್ಲರಿಗೂ ಕಾಣುತ್ತದೆ. ಬಾರದೆ ಹೋದ ರೋಗವು ಯಾರಿಗೂ ಕಾಣದು. ಆ ದಾನವು ಅದರಿಂದ ಕಿರಿದಾಗದು.