ಯುದ್ಧಕಾಲದ ಮುಖಪುಟಗಳು

ಹತ್ತು ಸೆಂಟಿನ ಪುಸ್ತಕವೊಂದು ೯೧ ಲಕ್ಷ ೨೦ ಸಾವಿರ ಡಾಲರಿಗೆ ಹರಾಜಾಯಿತೆಂಬ ವಾರ್ತೆ ೨೦೨೫ರ ನವೆಂಬರಿನಲ್ಲಿ ಅಮೆರಿಕದಿಂದ ಬಂದಿತು. ಕ್ಯಾಲಿಫೋರ್ನಿಯದ ಮೂವರು ಸೋದರರು, ತೀರಿಕೊಂಡ ತಮ್ಮ ತಾಯಿಯ ಮನೆಯ ಅಟ್ಟವನ್ನು ಬರಿದುಮಾಡುತ್ತಿದ್ದಾಗ, ಹಳೆಯ ವೃತ್ತಪತ್ರಿಕೆಗಳ ಅಡಿಯಲ್ಲಿ ಅದು ದೊರಕಿತಂತೆ. ೧೯೩೯ರಲ್ಲಿ ಅಚ್ಚಾದ ‘ಸೂಪರ್‌ಮ್ಯಾನ್’ ಮೊದಲನೆಯ ಸಂಚಿಕೆ ಅದು. ಇದಕ್ಕೆ ಮೊದಲು, ೨೦೨೨ರ ಏಪ್ರಿಲಿನಲ್ಲಿ, ‘ಕ್ಯಾಪ್ಟನ್ ಅಮೆರಿಕ’ದ ಮೊದಲ ಸಂಚಿಕೆಯ ಪ್ರತಿಯೊಂದು ೩೧ ಲಕ್ಷ ಡಾಲರಿಗೆ ಮಿಕ್ಕ ಬೆಲೆಗೆ ಹೋಗಿತ್ತು. ಇಂಥ ವಾರ್ತೆಗಳನ್ನು ಓದಿ ಶ್ರೀಮಂತರ ಹುಚ್ಚೆಂದು ನಕ್ಕು ಪುಟ ತಿರುವುವವರಲ್ಲಿ ನಾನೂ ಒಬ್ಬನಾಗಿದ್ದೆ. ಆದರೆ ಕೆಲವು ವರ್ಷಗಳಿಂದ ಈ ಪುಸ್ತಕಗಳ ಮುಖಪುಟಗಳನ್ನು, ಮೂಲದಲ್ಲಲ್ಲದಿದ್ದರೂ ಪ್ರತಿಕೃತಿಗಳಲ್ಲಿ, ಕೂಡಿಹಾಕುವ ಚಾಳಿ ನನಗೂ ಅಂಟಿಕೊಂಡಿದೆ. ಅಪರಾಧಿಯೇ ಸಾಕ್ಷಿಯನ್ನೂ ನುಡಿಯುತ್ತಿದ್ದಾನೆಂದು ವಾಚಕರು ಭಾವಿಸಬಹುದು.

ಮೊದಲು ಆ ಪ್ರಸಿದ್ಧ ಮುಖಪುಟವನ್ನೇ ನೋಡೋಣ. ಅಮೆರಿಕದ ಧ್ವಜವನ್ನೇ ಉಡುಪಾಗಿ ತೊಟ್ಟ ತರುಣನೊಬ್ಬ ಹಿಟ್ಲರನ ದವಡೆಗೆ ಬಲವಾಗಿ ಗುದ್ದುತ್ತಿದ್ದಾನೆ. ಸುತ್ತಲಿಂದ ನಾತ್ಸಿ ಸೈನಿಕರು ಗುಂಡು ಹಾರಿಸುತ್ತಿದ್ದಾರೆ; ಒಂದು ಗುಂಡು ಗುರಾಣಿಗೆ ತಗುಲಿ ಸಿಡಿಯುತ್ತಿದೆ. ಹಿಂದಿನ ಪರದೆಯ ಮೇಲೆ ಅಮೆರಿಕದ ಮದ್ದಿನ ಕಾರ್ಖಾನೆಯನ್ನು ಸ್ಫೋಟಿಸುತ್ತಿರುವ ದ್ರೋಹಿಯ ಚಿತ್ರ. ಬಿದ್ದ ಕಾಗದಗಳಲ್ಲಿ ವಿಧ್ವಂಸದ ಯೋಜನೆ. ಒಂದೇ ನೋಟಕ್ಕೆ ಇಷ್ಟನ್ನೂ ಹೇಳಬೇಕು. ಅಂಗಡಿಯ ಮುಂದೆ ಹಾದುಹೋಗುವ ಹುಡುಗನ ಕೈಯನ್ನು ಜೇಬಿಗೆ ಇಳಿಸಬೇಕು. ಈ ಕೆಲಸವನ್ನು ಇಷ್ಟು ಸಮರ್ಥವಾಗಿ ಮಾಡಿದ ಮುಖಪುಟಗಳು ವಿರಳ. ವಿಶೇಷವೇನೆಂದರೆ, ಈ ಗುದ್ದು ಪುಸ್ತಕದೊಳಗಿನ ಯಾವ ಕಥೆಯಲ್ಲಿಯೂ ಇಲ್ಲ.

ಸಂಚಿಕೆಯ ಮೇಲೆ ಅಚ್ಚಾಗಿರುವ ತಿಂಗಳು ೧೯೪೧ರ ಮಾರ್ಚ್. ಆದರೆ ಅದು ಅಂಗಡಿಗೆ ಬಂದದ್ದು ೧೯೪೦ರ ಡಿಸೆಂಬರಿನಲ್ಲಿಯೇ. ಅಮೆರಿಕ ಯುದ್ಧಕ್ಕೆ ಇಳಿದದ್ದು ಮರುವರ್ಷದ ಡಿಸೆಂಬರಿನಲ್ಲಿ. ಎಂದರೆ, ಸರಕಾರವು ತಟಸ್ಥವಾಗಿದ್ದಾಗ, ಜನರಲ್ಲಿ ಬಹುಮಂದಿ ಯೂರೋಪಿನ ಜಗಳ ನಮಗೇಕೆಂದು ಕೇಳುತ್ತಿದ್ದಾಗ, ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇಬ್ಬರು ತರುಣರು ಒಂದು ದೇಶದ ಅಧಿಪತಿಯ ಮುಖಕ್ಕೆ ಗುದ್ದಿಸಿದರು. ಇಬ್ಬರೂ ಯೆಹೂದಿಗಳ ಮಕ್ಕಳು. ಕರ್ಬಿಯ ಹುಟ್ಟುಹೆಸರು ಜೇಕಬ್ ಕುರ್ಟ್ಸ್‌ಬರ್ಗ್. ಬೆಳೆದದ್ದು ನ್ಯೂಯಾರ್ಕಿನ ಬಡವರ ಕೇರಿಯಲ್ಲಿ. ಪುಸ್ತಕ ಹೊರಬಂದ ಮೇಲೆ ನಾತ್ಸಿ ಪಕ್ಷಪಾತಿಗಳಿಂದ ಬೆದರಿಕೆಯ ಪತ್ರಗಳು ಬಂದವೆಂದೂ, ನಗರಾಧ್ಯಕ್ಷ ಲಾಗಾರ್ಡಿಯ ತಾವೇ ದೂರವಾಣಿಯಲ್ಲಿ ಮಾತನಾಡಿ ರಕ್ಷಣೆಯ ಭರವಸೆ ಕೊಟ್ಟರೆಂದೂ ಸೈಮನ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಕರ್ಬಿಯಾದರೋ ೧೯೪೩ರಲ್ಲಿ ಸೈನ್ಯಕ್ಕೆ ಸೇರಿ, ೧೯೪೪ರ ಆಗಸ್ಟಿನಲ್ಲಿ ನಾರ್ಮಂಡಿಯಲ್ಲಿ ಇಳಿದು, ಆ ಚಳಿಗಾಲದಲ್ಲಿ ಶೀತಕ್ಕೆ ಸಿಕ್ಕ ಕಾಲುಗಳನ್ನು ಕಳೆದುಕೊಳ್ಳುವುದರಲ್ಲಿದ್ದರು. ಕಾಗದದ ಮೇಲೆ ಗುದ್ದಿದವರು ನೆಲದ ಮೇಲೂ ಬೆಲೆ ತೆತ್ತರು.

ಸೂಪರ್‌ಮ್ಯಾನ್‌ನ ಕರ್ತೃಗಳಾದ ಜೆರಿ ಸೀಗೆಲ್ ಮತ್ತು ಜೋ ಷುಸ್ಟರ್ ಕೂಡ ಯೆಹೂದಿ ತರುಣರೇ. ೧೯೪೦ರ ಫೆಬ್ರವರಿಯಲ್ಲಿ ‘ಲುಕ್’ ಪತ್ರಿಕೆಗಾಗಿ ಅವರು ಎರಡು ಪುಟಗಳ ಕಥೆ ಬರೆದರು. ಅದರಲ್ಲಿ ಸೂಪರ್‌ಮ್ಯಾನ್ ಹಿಟ್ಲರನನ್ನೂ ಸ್ಟಾಲಿನನನ್ನೂ ಎತ್ತಿಕೊಂಡು ಹೋಗಿ ರಾಷ್ಟ್ರಸಂಘದ ನ್ಯಾಯಸ್ಥಾನದ ಮುಂದೆ ನಿಲ್ಲಿಸುತ್ತಾನೆ. ಎರಡು ತಿಂಗಳೊಳಗಾಗಿ ನಾತ್ಸಿಗಳ ಎಸ್.ಎಸ್. ದಳದ ಪತ್ರಿಕೆ ಸೀಗೆಲ್‌ರ ಹೆಸರೆತ್ತಿ ಹಳಿಯಿತು. ಮಕ್ಕಳ ಪುಸ್ತಕಕ್ಕೆ ಎಸ್.ಎಸ್. ಪತ್ರಿಕೆಯ ವಿಮರ್ಶೆ! ಇದಕ್ಕಿಂತ ದೊಡ್ಡ ಪ್ರಶಂಸಾಪತ್ರ ಬೇರೆ ಬೇಕೆ? ಆದರೆ ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಅವರಿಗೆ ಪೇಚಾಟಕ್ಕಿಟ್ಟುಕೊಂಡಿತು. ಗುಡ್ಡವನ್ನೇ ಕೀಳಬಲ್ಲವನು ಯುದ್ಧವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಾರದೇಕೆ? ನಿಜವಾದ ಹುಡುಗರು ನಿಜವಾಗಿ ಸಾಯುತ್ತಿರುವಾಗ ಇಂಥ ಕಥೆ ಅವರಿಗೆ ಅವಮಾನವಾಗುತ್ತದೆ. ೧೯೪೨ರಲ್ಲಿ ದಿನಪತ್ರಿಕೆಯ ಚಿತ್ರಸರಣಿಯಲ್ಲಿ ಅವರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಕ್ಲಾರ್ಕ್ ಕೆಂಟ್ ಸೈನ್ಯ ಸೇರಲು ಹೋಗುತ್ತಾನೆ. ಕಣ್ಣಿನ ಪರೀಕ್ಷೆಯಲ್ಲಿ ತನಗರಿವಿಲ್ಲದೆಯೇ ಗೋಡೆಯಾಚೆಯ ಕೋಣೆಯ ಅಕ್ಷರಫಲಕವನ್ನು ಓದಿಬಿಡುತ್ತಾನೆ. ದೃಷ್ಟಿದೋಷವಿದೆಯೆಂದು ವೈದ್ಯರು ಅವನನ್ನು ಮನೆಗೆ ಕಳುಹಿಸುತ್ತಾರೆ. ಇಷ್ಟಾದರೂ ಮುಖಪುಟಗಳಲ್ಲಿ ಅವನಿಗೆ ಯುದ್ಧದಿಂದ ವಿನಾಯಿತಿ ದೊರೆಯಲಿಲ್ಲ. ೧೯೪೨ರ ಹದಿನೇಳನೆಯ ಸಂಚಿಕೆಯ ಮುಖಪುಟದಲ್ಲಿ ಅವನು ಶತ್ರುನಾಯಕರಿಬ್ಬರನ್ನು ಎರಡು ಕೈಯಲ್ಲಿ ಕತ್ತಿನಪಟ್ಟಿ ಹಿಡಿದು ತೂಗುತ್ತಿದ್ದಾನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಳಗಿನ ಕಥೆ ಹೇಳಲಾರದ್ದನ್ನು ಮುಖಪುಟ ಹೇಳುತ್ತಿತ್ತು. ಕಥೆಗೆ ಕಾರ್ಯಕಾರಣದ ಕಟ್ಟುಂಟು; ಮುಖಪುಟಕ್ಕೆ ಅದಿಲ್ಲ. ಈ ಸ್ವಾತಂತ್ರ್ಯವನ್ನು ಅತಿಯಾಗಿ ಬಳಸಿಕೊಂಡವರು ಅಲೆಕ್ಸ್ ಷಾಂಬರ್ಗ್. ೧೯೦೫ರಲ್ಲಿ ಪೋರ್ಟೊರಿಕೋದಲ್ಲಿ ಹುಟ್ಟಿದ ಇವರು ಯುದ್ಧದ ವರ್ಷಗಳಲ್ಲಿ ನೂರಾರು ಮುಖಪುಟಗಳನ್ನು ಬರೆದರು. ಅವರ ಚಿತ್ರವೆಂದರೆ ಜಾತ್ರೆ. ಮೇಲೆ ಬೆಂಕಿಯ ಮೈಯವನು ಹಾರುತ್ತಿರುತ್ತಾನೆ, ಕೆಳಗೆ ಸಮುದ್ರದ ಮನುಷ್ಯ ಜಲಾಂತರ್ಗಾಮಿಯನ್ನು ಸೀಳುತ್ತಿರುತ್ತಾನೆ, ಮಧ್ಯದಲ್ಲಿ ಶತ್ರುವಿನ ಕೋಟೆಯ ಗೋಡೆ ತೆರೆದು ಒಳಗಿನ ಚಕ್ರ, ಕೊಳವೆ, ಏಣಿ, ಬಂಧಿಗಳೆಲ್ಲ ಕಾಣುತ್ತಿರುತ್ತಾರೆ. ಮೂಲೆಯೊಂದನ್ನೂ ಖಾಲಿ ಬಿಟ್ಟವರಲ್ಲ. ದೇವಾಲಯದ ಭಿತ್ತಿಯ ಮುಂದೆ ನಿಂತಂತೆ ಕಣ್ಣು ಒಂದೆಡೆಯಿಂದ ಇನ್ನೊಂದೆಡೆಗೆ ನಡೆಯಬೇಕಾಗುತ್ತದೆ. ನನ್ನ ಚಾಳಿಗೆ ಮೂಲಕಾರಣ ಇವರೇ ಎಂದು ಒಪ್ಪಿಕೊಳ್ಳುತ್ತೇನೆ.

ಈ ಪುಸ್ತಕಗಳು ಇಂದು ಅಪರೂಪವಾದದ್ದಕ್ಕೂ ಆ ಯುದ್ಧವೇ ಕಾರಣ. ಕಾಗದದ ಅಭಾವ ತಲೆದೋರಿ, ಹಳೆಯ ಕಾಗದವನ್ನು ಯುದ್ಧಕಾರ್ಯಕ್ಕೆ ಒಪ್ಪಿಸಿರೆಂಬ ಚಳವಳಿ ನಡೆಯಿತು. ಶಾಲೆಯ ಮಕ್ಕಳೂ ಸ್ಕೌಟುಗಳೂ ಮನೆಮನೆಗೆ ಹೋಗಿ ಕಟ್ಟು ಕಟ್ಟಾಗಿ ಸಂಗ್ರಹಿಸಿದರು. ಈ ಕರೆಯನ್ನು ಸ್ವತಃ ಕಾಮಿಕ್ ಪುಸ್ತಕಗಳೂ ತಮ್ಮ ಪುಟಗಳಲ್ಲಿ ಅಚ್ಚುಮಾಡಿದವು. ತಮ್ಮನ್ನು ಹರಿದು ಬೇಯಿಸಿರೆಂದು ತಾವೇ ಕೇಳಿಕೊಂಡಂತೆ. ಉಳಿದವುಗಳ ಪೈಕಿ ಕೆಲವು ಯುದ್ಧಾನಂತರ ಬೇರೆ ರೀತಿಯಲ್ಲಿ ನಾಶವಾದವು. ಮಕ್ಕಳ ನೀತಿ ಕೆಡುತ್ತದೆಂದು ೧೯೪೮ರಲ್ಲಿ ಬಿಂಗ್‌ಹ್ಯಾಮ್‌ಟನ್ ಮೊದಲಾದ ಊರುಗಳಲ್ಲಿ ರಾಶಿ ಹಾಕಿ ಸುಟ್ಟರು. ಪುಸ್ತಕ ಸುಡುವ ಹಿಟ್ಲರನ ವಿರುದ್ಧ ಹೋರಾಡಿ ನಾಲ್ಕು ವರ್ಷವೂ ಆಗಿರಲಿಲ್ಲ.

ಅಳಿದುಳಿದದ್ದು ಹೇಗೆ ಉಳಿಯಿತೆಂಬುದಕ್ಕೆ ಕೊಲರಾಡೋದ ಎಡ್ಗರ್ ಚರ್ಚ್ ಒಳ್ಳೆಯ ನಿದರ್ಶನ. ಅವರು ವೃತ್ತಿಯಿಂದ ಜಾಹೀರಾತುಗಳ ಚಿತ್ರಗಾರರು. ತಮ್ಮ ಕೆಲಸಕ್ಕೆ ಮಾದರಿಯಾಗಲೆಂದು ಬಗೆಬಗೆಯ ಸಚಿತ್ರ ಪತ್ರಿಕೆಗಳನ್ನು ಕೊಂಡು ಒಣಹವೆಯ ಆ ನಾಡಿನ ಮನೆಯೊಳಗೆ ಒಟ್ಟಿದರು. ೧೯೭೭ರಲ್ಲಿ ಚಕ್ ರೊಜಾನ್ಸ್‌ಕಿ ಎಂಬ ವ್ಯಾಪಾರಿ ಆ ರಾಶಿಯನ್ನು ಕೊಂಡಾಗ ಹದಿನೆಂಟು ಸಾವಿರಕ್ಕೆ ಕಡಮೆಯಿಲ್ಲದ ಪುಸ್ತಕಗಳು ಹೊಸದರಂತೆ ಬೆಳ್ಳಗೆ ಇದ್ದವು. ಚಿತ್ರಕ್ಕಾಗಿಯೇ ಸಂಗ್ರಹಿಸಿದವರ ಪೈಕಿ ಇವರು ಪೂರ್ವಸೂರಿಗಳು; ಆದರೆ ಇವರು ಬಳಸುವುದಕ್ಕಾಗಿ ಕೂಡಿಟ್ಟರು, ಮಾರುವುದಕ್ಕಲ್ಲ.

ಈಗಿನ ವ್ಯವಸ್ಥೆ ಬೇರೆ. ೧೯೭೦ರಲ್ಲಿ ಓವರ್‌ಸ್ಟ್ರೀಟ್ ಎಂಬುವರ ಬೆಲೆಪಟ್ಟಿ ಹೊರಟಿತು. ೧೯೮೯ರ ಸುಮಾರಿನಲ್ಲಿ ಗರ್ಬರ್ ದಂಪತಿಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕ ಮುಖಪುಟಗಳ ಛಾಯಾಚಿತ್ರಗಳನ್ನು ದೊಡ್ಡ ಸಂಪುಟಗಳಲ್ಲಿ ತಂದರು. ಮುಖಪುಟವನ್ನು ಪುಸ್ತಕದಿಂದ ಬೇರೆಯಾಗಿಯೇ ನೋಡುವ ಅಭ್ಯಾಸ ಅಲ್ಲಿಂದ ಬಲಿಯಿತು. ೨೦೦೦ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಆರಂಭವಾಯಿತು. ಅದು ಪ್ರತಿಯನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಮೊಹರು ಮಾಡುತ್ತದೆ. ನಾನೂ ಉಪಾಧ್ಯಾಯನಾಗಿ ಜೀವಮಾನವೆಲ್ಲ ಅಂಕ ಹಾಕಿದವನು. ಆದರೆ ಉತ್ತರಪತ್ರಿಕೆಯನ್ನು ಮತ್ತೆಂದೂ ತೆರೆಯಬಾರದೆಂದು ವಿಧಿಸಿದವನಲ್ಲ. ಮೊಹರು ಒಡೆದರೆ ಅಂಕ ಹೋಯಿತು, ಅಂಕ ಹೋದರೆ ಬೆಲೆ ಹೋಯಿತು. ಆದ್ದರಿಂದ ಪುಸ್ತಕಕ್ಕೆ ಇನ್ನು ಎರಡೇ ಮುಖ: ಮುಂದಿನದು, ಹಿಂದಿನದು. ನಡುವಿನ ಅರುವತ್ತು ಚಿಲ್ಲರೆ ಪುಟಗಳು ಇದ್ದೂ ಇಲ್ಲ. ಹುಳಿಯುಳ್ಳ ಅಗ್ಗದ ಕಾಗದವಾದ್ದರಿಂದ ರಕ್ಷಣೆ ಬೇಕೆಂಬುದು ನಿಜವೇ. ಆದರೆ ಗ್ರಂಥಾಲಯಗಳೂ ಕಾಗದವನ್ನು ರಕ್ಷಿಸುತ್ತವೆ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಕಾಮಿಕ್ ಸಂಚಿಕೆಗಳಿವೆ, ಅಲ್ಲಿ ಓದಲು ಕೊಡುತ್ತಾರೆ.

ಹಣ ಯಾರಿಗೆ ಸೇರುತ್ತದೆಂಬುದನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಸೀಗೆಲ್ ಮತ್ತು ಷುಸ್ಟರ್ ೧೯೩೮ರಲ್ಲಿ ಸೂಪರ್‌ಮ್ಯಾನ್‌ನ ಸರ್ವಹಕ್ಕನ್ನೂ ೧೩೦ ಡಾಲರಿಗೆ ಬರೆದುಕೊಟ್ಟರು. ಆ ಮೊತ್ತವನ್ನು ಪಾವತಿ ಮಾಡಿದ ಚೆಕ್ಕು ೨೦೧೨ರಲ್ಲಿ ೧ ಲಕ್ಷ ೬೦ ಸಾವಿರ ಡಾಲರಿಗೆ ಹರಾಜಾಯಿತು. ವ್ಯಾಖ್ಯಾನ ಅನಾವಶ್ಯಕ.

ಈಗ ಅಹಿತಕರವಾದ ಮಾತಿಗೆ ಬರುತ್ತೇನೆ. ಯುದ್ಧಕಾಲದ ಮುಖಪುಟಗಳಲ್ಲಿ ಹಿಟ್ಲರನ ಮುಖಪುಟಗಳಿಗೆ ಇರುವಂತೆಯೇ ಜಪಾನೀಯರ ಮುಖಪುಟಗಳಿಗೂ ಸಂಗ್ರಾಹಕರಲ್ಲಿ ಪ್ರತ್ಯೇಕವಾದ ಬೇಡಿಕೆಯಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ. ಹಿಟ್ಲರನನ್ನು ಬರೆದಾಗ ಒಬ್ಬ ವ್ಯಕ್ತಿಯನ್ನು ಬರೆದರು. ಅವನ ಮೀಸೆ, ಅವನ ಕೂದಲು, ಅವನ ಭಯ. ಜಪಾನೀಯನನ್ನು ಬರೆದಾಗ ಒಂದು ಜನಾಂಗವನ್ನು ಬರೆದರು. ಹಳದಿಯ ಬಣ್ಣ, ಕೋರೆಹಲ್ಲು, ಉಗುರು, ಮೃಗದ ಕಣ್ಣು. ನನ್ನ ಪ್ರಿಯ ಷಾಂಬರ್ಗ್ ಕೂಡ ಇದಕ್ಕೆ ಹೊರತಲ್ಲ. ಅಮೆರಿಕನರ ಕಲ್ಪನೆಯಲ್ಲಿ ಒಳ್ಳೆಯ ಜರ್ಮನನೊಬ್ಬನಿಗೆ ಎಡೆಯಿತ್ತು, ಒಳ್ಳೆಯ ಜಪಾನೀಯನಿಗೆ ಇರಲಿಲ್ಲವೆಂಬುದನ್ನು ಇತಿಹಾಸಕಾರ ಜಾನ್ ಡವರ್ ೧೯೮೬ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ೧೯೪೩ರ ಮಾರ್ಚಿನ ‘ಆ್ಯಕ್ಷನ್ ಕಾಮಿಕ್ಸ್’ ಮುಖಪುಟದಲ್ಲಿ ಸೂಪರ್‌ಮ್ಯಾನ್ ಮುದ್ರಣಯಂತ್ರ ತಿರುಗಿಸುತ್ತಿದ್ದಾನೆ. ಯುದ್ಧಸಾಲದ ಪತ್ರ ಕೊಂಡು ಜಪಾನೀಯನ ಕೆನ್ನೆಗೆ ಬಾರಿಸಿರೆಂಬ ಘೋಷವಾಕ್ಯ, ಅದೂ ಬೈಗುಳದ ಪದದಲ್ಲಿ, ಅಚ್ಚಾಗಿ ಹೊರಬರುತ್ತಿದೆ.

ಆ ಮಾರ್ಚಿನಲ್ಲಿ ಅಮೆರಿಕದೊಳಗೇ ಜಪಾನೀ ಮೂಲದ ಜನ ಮುಳ್ಳುತಂತಿಯ ಹಿಂದೆ ಇದ್ದರು. ೧೯೪೨ರ ಫೆಬ್ರವರಿ ೧೯ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯನ್ನನುಸರಿಸಿ ಸುಮಾರು ೧,೨೦,೦೦೦ ಮಂದಿಯನ್ನು ಪಶ್ಚಿಮ ತೀರದ ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಅಲ್ಲಿಯೇ ಹುಟ್ಟಿದ ಪ್ರಜೆಗಳು. ಇದು ಅನ್ಯಾಯವೆಂದು ಸರಕಾರ ಶಾಸನದ ಮೂಲಕ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ ೨೦,೦೦೦ ಡಾಲರ್ ಪರಿಹಾರವೆಂದು ಗೊತ್ತುಮಾಡಿದ್ದು ೧೯೮೮ರಲ್ಲಿ. ಮುಖಪುಟಗಳು ಈ ಆಜ್ಞೆಯನ್ನು ತಂದವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ನೆರೆಮನೆಯವರು ಬಾಗಿಲು ಮುಚ್ಚಿಕೊಂಡು ಸುಮ್ಮನಿರುವುದನ್ನು ಅವು ಸುಲಭಮಾಡಿದವೆಂದರೆ ತಪ್ಪಾಗಲಾರದು.

ಹಾಗಾದರೆ ಇವುಗಳನ್ನು ಮಾರಬಾರದೆ, ಕೊಳ್ಳಬಾರದೆ, ಇಟ್ಟುಕೊಳ್ಳಬಾರದೆ? ಸುಡುವವರ ಪಕ್ಷಕ್ಕೆ ನಾನು ಸೇರಲಾರೆ. ಮರೆಮಾಡಿದರೆ ಆ ಕಾಲವು ತನ್ನ ಬಗ್ಗೆ ಹೇಳಿಕೊಂಡ ಸುಳ್ಳಿಗೆ ಪುರಾವೆಯೇ ಇಲ್ಲವಾಗುತ್ತದೆ. ಆದರೆ ಸಂಗ್ರಾಹಕರ ಸಮರ್ಥನೆಯೂ ನನಗೆ ಒಪ್ಪಿಗೆಯಿಲ್ಲ. ವರ್ಣಸಂಯೋಜನೆ ಅದ್ಭುತವಾಗಿದೆ, ರೇಖೆ ಜೀವಂತವಾಗಿದೆ, ವಿಷಯ ಬಿಟ್ಟುಬಿಡಿ ಎನ್ನುತ್ತಾರೆ. ವಿಷಯವನ್ನು ಬಿಟ್ಟರೆ ಈ ಚಿತ್ರದಲ್ಲಿ ಉಳಿಯುವುದೇನು? ಆ ಕೆಂಪು, ಆ ಹಳದಿ ಯಾವ ಕೆಲಸಕ್ಕಾಗಿ ಬಂದವೋ ಆ ಕೆಲಸವನ್ನು ಬಲು ಚೆನ್ನಾಗಿ ಮಾಡಿದವು, ದೂರು ಇರುವುದೇ ಅಲ್ಲಿ. ಕೆಟ್ಟ ಚಿತ್ರಗಾರನೊಬ್ಬ ಬರೆದಿದ್ದರೆ ಅಷ್ಟು ಕೆಡುಕಾಗುತ್ತಿರಲಿಲ್ಲ. ಕಲಾಮೌಲ್ಯವೆಂಬುದು ಇಲ್ಲಿ ತಪ್ಪಿಗೆ ರಿಯಾಯಿತಿಯಲ್ಲ, ತಪ್ಪಿನ ಒಂದು ಅಂಗ. ಮೊಹರಿನೊಳಗೆ ಕುಳಿತ ಮುಖಪುಟ ಈ ಪ್ರಶ್ನೆಯನ್ನು ಎತ್ತಗೊಡುವುದಿಲ್ಲ. ಅದರ ಪಕ್ಕದಲ್ಲಿ ಇರುವುದು ಅಂಕ ಮಾತ್ರ.

ಮಿನೆ ಒಕುಬೊ ಎಂಬ ಚಿತ್ರಗಾರ್ತಿಯ ಹೆಸರನ್ನು ಈ ಸಂಗ್ರಾಹಕರ ಬಾಯಲ್ಲಿ ನಾನು ಕೇಳಿಲ್ಲ. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ಯೂರೋಪಿನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ ಬಂದಿದ್ದ ಆಕೆಯನ್ನು ೧೯೪೨ರಲ್ಲಿ ಮೊದಲು ಕುದುರೆಲಾಯದ ಕೊಟ್ಟಿಗೆಯೊಂದರಲ್ಲಿ, ಅನಂತರ ಯೂಟಾ ಮರುಭೂಮಿಯ ಟೋಪಾಜ್ ಶಿಬಿರದಲ್ಲಿ ಇರಿಸಿದರು. ಶಿಬಿರದೊಳಗೆ ಕ್ಯಾಮೆರಾ ನಿಷಿದ್ಧ. ಆಕೆ ಲೇಖನಿ ಹಿಡಿದು ಕಂಡದ್ದನ್ನೆಲ್ಲ ಬರೆದಳು: ಊಟಕ್ಕೆ ನಿಂತ ಸಾಲು, ಗೋಡೆಯ ಬಿರುಕು, ಧೂಳಿನ ಬಿರುಗಾಳಿ, ತೆರೆಯಿಲ್ಲದ ಸ್ನಾನಗೃಹ. ೧೯೪೬ರಲ್ಲಿ ಪುಸ್ತಕವಾಗಿ ಬಂದಾಗ ತನ್ನ ಕುಟುಂಬಕ್ಕೆ ಕೊಟ್ಟಿದ್ದ ಸಂಖ್ಯೆಯನ್ನೇ ಹೆಸರಾಗಿಟ್ಟಳು: ‘ಸಿಟಿಜನ್ ೧೩೬೬೦’. ಸುಮಾರು ೨೦೦ ಚಿತ್ರಗಳು. ಬಣ್ಣವಿಲ್ಲ, ಗುದ್ದಿಲ್ಲ, ಕೋರೆಹಲ್ಲಿಲ್ಲ. ಹೆಚ್ಚುಕಡಮೆ ಪ್ರತಿ ಚಿತ್ರದಲ್ಲಿಯೂ ಒಂದು ಮೂಲೆಯಲ್ಲಿ ಆಕೆಯೇ ನಿಂತು ನೋಡುತ್ತಿರುತ್ತಾಳೆ. ಇಂದಿಗೂ ಸಾಧಾರಣ ಬೆಲೆಗೆ ಮರುಮುದ್ರಣ ದೊರಕುತ್ತದೆ.

ನನ್ನ ಮುಖಪುಟಗಳ ಕಡತವನ್ನು ನೋಡಲು ವಿದ್ಯಾರ್ಥಿಗಳು ಆಗಾಗ ಮನೆಗೆ ಬರುತ್ತಾರೆ. ಮೊದಲು ಷಾಂಬರ್ಗರ ಚಿತ್ರಗಳನ್ನು ನೋಡಿ ಬೆರಗಾಗುತ್ತಾರೆ, ಅದು ಸಹಜ. ನಾನೂ ಇನ್ನೂ ಬೆರಗಾಗುತ್ತೇನೆ. ಅನಂತರ ಅದೇ ಮೇಜಿನ ಮೇಲೆ ಒಕುಬೊ ಅವರ ಪುಸ್ತಕವನ್ನು ತೆರೆದಿಟ್ಟು ಕಾಫಿ ತರಲು ಒಳಗೆ ಹೋಗುತ್ತೇನೆ. ಹೊರಗಿನ ಮಾತು ಸ್ವಲ್ಪ ಹೊತ್ತು ನಿಂತಿರುತ್ತದೆ.