ಶಾಲು, ಹಾರ ಮತ್ತು ಮನವಿಪತ್ರ

ಪ್ರತಿವರ್ಷ ಬಜೆಟ್ ಸಮೀಪಿಸುತ್ತಿದ್ದಂತೆ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಛಾಯಾಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ನಡುವೆ ಮುಖ್ಯಮಂತ್ರಿ, ಇಕ್ಕೆಲಗಳಲ್ಲಿ ಕೈಗಾರಿಕೆಗಳ ಸಂಘದ ಪದಾಧಿಕಾರಿಗಳು. ಒಬ್ಬರ ಕೈಯಲ್ಲಿ ಶಾಲು, ಮತ್ತೊಬ್ಬರ ಕೈಯಲ್ಲಿ ಹಾರ, ಅಧ್ಯಕ್ಷರ ಕೈಯಲ್ಲಿ ಮನವಿಪತ್ರ. ಬೇಡಿಕೆಗಳನ್ನು ಸಹಾನುಭೂತಿಯಿಂದ ಪರಿಶೀಲಿಸುವ ಭರವಸೆ ದೊರೆತಿದೆಯೆಂದು ಚಿತ್ರದ ಅಡಿಬರಹ ತಿಳಿಸುತ್ತದೆ. ಓದುಗರು ಪುಟ ಮಗುಚುತ್ತಾರೆ. ಆ ಮನವಿಪತ್ರದ ಒಳಗೆ ಏನಿತ್ತು, ಅದರಲ್ಲಿ ಯಾವ ಬೇಡಿಕೆ ಈಡೇರಿತು, ಯಾವುದು ಕಡತದಲ್ಲೇ ಉಳಿಯಿತು, ಈಡೇರಿದ ಬೇಡಿಕೆಯ ಬೆಲೆಯನ್ನು ತೆತ್ತವರು ಯಾರು ಎಂಬುದು ಮುಂದಿನ ವರ್ಷ ಅದೇ ಚಿತ್ರ ಮತ್ತೆ ಅಚ್ಚಾಗುವವರೆಗೂ ಯಾರಿಗೂ ತಿಳಿಯುವುದಿಲ್ಲ.

ನಮ್ಮಲ್ಲಿ 'ಲಾಬಿ' ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ವಶೀಲಿ, ಸೂಟ್‌ಕೇಸು, ಹಿಂಬಾಗಿಲು ಎಂಬ ಚಿತ್ರಗಳೇ ಅದರೊಂದಿಗೆ ಕಣ್ಣ ಮುಂದೆ ಬರುತ್ತವೆ. ಆದರೆ ಉದ್ದಿಮೆದಾರರು ಒಂದುಗೂಡಿ ಸರ್ಕಾರದ ಕಿವಿಗೆ ತಮ್ಮ ಮಾತು ಮುಟ್ಟಿಸುವುದು ಕರ್ನಾಟಕದಲ್ಲಿ ಗೌರವಾನ್ವಿತ ಪರಂಪರೆಯಾಗಿಯೇ ಬೆಳೆದು ಬಂದದ್ದು. ಇಂದಿನ ಎಫ್‌ಕೆಸಿಸಿಐ, ಅಂದರೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲ 1916ರಲ್ಲಿ ಸ್ಥಾಪನೆಯಾದ ಮೈಸೂರು ಚೇಂಬರ್ ಆಫ್ ಕಾಮರ್ಸ್. ಅದಕ್ಕೆ ಪ್ರೇರಣೆ ನೀಡಿದವರು ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು. ತನ್ನನ್ನು ಕೇಳುವವರು, ಪ್ರಶ್ನಿಸುವವರು ಒಂದು ಸಂಸ್ಥೆಯಾಗಿ ಎದುರಿಗಿರಲೆಂದು ಆಡಳಿತವೇ ಬಯಸಿದ್ದ ಕಾಲ ಅದು. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಹುಟ್ಟಿದ್ದು 1949ರಲ್ಲಿ. ಸಣ್ಣ ಕೈಗಾರಿಕೆಗಳಿಗೆ ಸಾಲ ನೀಡುವ ರಾಜ್ಯ ಹಣಕಾಸು ಸಂಸ್ಥೆ 1959ರಲ್ಲಿಯೂ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರಲ್ಲಿಯೂ ಬಂದವು ಎಂಬುದನ್ನು ನೆನೆದರೆ, ಇಲ್ಲಿ ಇಲಾಖೆಗಳಿಗಿಂತ ಸಂಘಗಳೇ ಹಿರಿಯವು.

ಸಂಘವೇಕೆ ಬೇಕು ಎಂಬುದನ್ನು ಪೀಣ್ಯದ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತರೆ ತಿಳಿಯಬಹುದು. ನಾಲ್ಕು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಎಂಟೋ ಹತ್ತೋ ಮಂದಿ ಕೆಲಸಗಾರರು. ದೊಡ್ಡ ಕಂಪನಿಯೊಂದರ ಜಾಬ್ ವರ್ಕ್ ಮೇಲೆ ನಡೆಯುವ ಘಟಕ. ಮಾಲೀಕನೇ ಅಲ್ಲಿ ಮೇಸ್ತ್ರಿ, ಗುಮಾಸ್ತ, ಚಾಲಕ. ಆತ ಬೆಸ್ಕಾಂಗೆ, ಕಾರ್ಮಿಕ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ಸ್ಥಳೀಯ ಸಂಸ್ಥೆಗೆ, ನಿವೇಶನ ನೀಡಿದ ಮಂಡಳಿಗೆ ಉತ್ತರ ಹೇಳಬೇಕು. ಒಂದು ದಿನ ಕಚೇರಿಗೆ ಅಲೆದರೆ ಒಂದು ದಿನದ ಉತ್ಪಾದನೆ ಹೋಯಿತು. ದೊಡ್ಡ ಕಂಪನಿಗಾದರೋ ಸರ್ಕಾರದೊಂದಿಗಿನ ವ್ಯವಹಾರಕ್ಕೆಂದೇ ಸಂಬಳದ ಅಧಿಕಾರಿಗಳಿರುತ್ತಾರೆ; ಕೆಲವೊಮ್ಮೆ ನಿವೃತ್ತ ಐಎಎಸ್ ಅಧಿಕಾರಿಗಳೇ ಆ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಸಣ್ಣವನಿಗೆ ಸಂಘದ ವಾರ್ಷಿಕ ಚಂದಾ ಒಂದೇ ಆಸರೆ.

ಸಂಘಗಳು ಕೇಳುವ ವಿಷಯಗಳೂ ಕಾಲದೊಂದಿಗೆ ಬದಲಾಗಿವೆ. ಒಂದು ಕಾಲದಲ್ಲಿ ಮನವಿಪತ್ರವೆಂದರೆ ಮಾರಾಟ ತೆರಿಗೆ. ಯಾವ ಸರಕು ಯಾವ ಅನುಸೂಚಿಯಲ್ಲಿರಬೇಕು, ಪ್ರವೇಶ ತೆರಿಗೆಯಿಂದ ಯಾವ ಕಚ್ಚಾವಸ್ತುವಿಗೆ ವಿನಾಯಿತಿ ಬೇಕು ಎಂಬುದೇ ಅದರ ತಿರುಳು. ಬಜೆಟ್ ಭಾಷಣದ ಒಂದು ಸಾಲು ಒಂದು ಉದ್ಯಮವನ್ನು ಉಳಿಸಬಹುದಿತ್ತು. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಯಾದಾಗ ಈ ಅವಕಾಶ ಕಿರಿದಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಬಹುಪಾಲು ಮುಚ್ಚಿಯೇ ಹೋಯಿತು. ಜಿಎಸ್‌ಟಿ ಮಂಡಳಿಯ ಮತದಾನದಲ್ಲಿ ಕೇಂದ್ರದ ತೂಕ ಮೂರನೇ ಒಂದು ಭಾಗ, ಎಲ್ಲ ರಾಜ್ಯಗಳದು ಸೇರಿ ಮೂರನೇ ಎರಡು. ಅಲ್ಲಿ ಬೆಂಗಳೂರಿನದು ಹಲವರಲ್ಲಿ ಒಂದು ದನಿ. ಹೀಗಾಗಿ ವಿಧಾನಸೌಧದ ಬಾಗಿಲಲ್ಲಿ ಕೇಳಲು ಇಂದು ಮುಖ್ಯವಾಗಿ ಉಳಿದಿರುವುದು ಮೂರು ಸಂಗತಿಗಳು: ವಿದ್ಯುತ್ತು, ಭೂಮಿ, ದುಡಿಮೆ. ಭೂಮಿಯ ವಿಷಯ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ಉಳಿದೆರಡನ್ನು ನೋಡೋಣ, ಇವೆರಡರ ನಡುವಿನ ವ್ಯತ್ಯಾಸದಲ್ಲೇ ಈ ಲೇಖನದ ತಕರಾರು ಅಡಗಿದೆ.

ಮೊದಲು ವಿದ್ಯುತ್ತು. 2023ರ ಮೇ 12ರಂದು, ವಿಧಾನಸಭಾ ಚುನಾವಣೆಯ ಮತ ಎಣಿಕೆಯ ಹಿಂದಿನ ದಿನ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆಗೆ ಆದೇಶ ನೀಡಿತು. ಅನ್ವಯ ಏಪ್ರಿಲ್ 1ರಿಂದ. ಜೂನ್‌ನ ಬಿಲ್ಲಿನಲ್ಲಿ ಹಿಂಬಾಕಿಯೂ ಸೇರಿಕೊಂಡು ಬಂದಾಗ ಸಣ್ಣ ಕಾರ್ಖಾನೆಗಳಲ್ಲಿ ಹಾಹಾಕಾರವೆದ್ದಿತು. ಜೂನ್ 22ರಂದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಕರೆಯ ಮೇರೆಗೆ ಹಲವೆಡೆ ಬಂದ್ ನಡೆಯಿತು. ದರ ನಿಗದಿ ಸ್ವತಂತ್ರ ಆಯೋಗದ ಅಧಿಕಾರ, ತನ್ನ ಕೈಯಲ್ಲಿಲ್ಲ ಎಂಬುದು ಸರ್ಕಾರದ ಉತ್ತರವಾಗಿತ್ತು. ಕಾನೂನಿನ ಅಕ್ಷರದಲ್ಲಿ ಅದು ಸರಿ. ಆದರೆ ಬಿಲ್ಲಿನ ಮೇಲೆ ಶೇ 9ರಂತೆ ಬೀಳುವ ವಿದ್ಯುತ್ ತೆರಿಗೆ ಶುದ್ಧಾಂಗವಾಗಿ ರಾಜ್ಯ ಸರ್ಕಾರದ್ದೇ. ಅದನ್ನು ಶೇ 3ಕ್ಕೆ ಇಳಿಸಿರೆಂದು ವಾಣಿಜ್ಯ ಸಂಸ್ಥೆಗಳು ಕೇಳಿದ್ದು ಜಾಣತನದ ಬೇಡಿಕೆ: ಆಯೋಗದ ನೆಪ ಅಲ್ಲಿ ನಡೆಯುವಂತಿರಲಿಲ್ಲ.

ಆದರೆ ಸಂಘಗಳು ನಿಜವಾದ ಕೆಲಸ ಮಾಡುವುದು ಬಂದ್‌ನಲ್ಲಿ ಅಲ್ಲ, ಅದಕ್ಕೂ ಮುನ್ನ ಮತ್ತು ನಂತರ ಆಯೋಗದ ವಿಚಾರಣಾ ಸಭಾಂಗಣದಲ್ಲಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಎಸ್ಕಾಂಗಳ ದರ ಪರಿಷ್ಕರಣೆಯ ಅರ್ಜಿ ಸಾರ್ವಜನಿಕವಾಗಿ ಪ್ರಕಟವಾಗಬೇಕು, ಬಂದ ಸಲಹೆ-ಆಕ್ಷೇಪಣೆಗಳನ್ನೆಲ್ಲ ಆಯೋಗ ಪರಿಗಣಿಸಬೇಕು. ಕಾಸಿಯಾ ಬರಲಿ, ರೈತ ಸಂಘಟನೆ ಬರಲಿ, ನಿವೃತ್ತ ಮೇಷ್ಟರೊಬ್ಬರು ಕೈಬರಹದ ಪತ್ರ ಹಿಡಿದು ಬರಲಿ, ಎಲ್ಲರೂ ಕೂರುವುದು ಒಂದೇ ಸಾಲಿನಲ್ಲಿ. ಸೋರಿಕೆ ನಷ್ಟ ಇಷ್ಟೇಕೆ, ನಿಗದಿತ ಶುಲ್ಕ ಏರಿಸುವುದೇಕೆ, ಸಬ್ಸಿಡಿಯ ಬಾಕಿಯನ್ನು ಸರ್ಕಾರ ಕಟ್ಟಿದೆಯೇ ಎಂದು ಕೇಳಬಹುದು. ಆಯೋಗದ ಆದೇಶದಲ್ಲಿ ಆಕ್ಷೇಪಣೆ, ಅದಕ್ಕೆ ಎಸ್ಕಾಂನ ಉತ್ತರ, ಅದರ ಮೇಲೆ ಆಯೋಗದ ಅಭಿಪ್ರಾಯ, ಮೂರೂ ಅಚ್ಚಾಗಿರುತ್ತವೆ. 2024ರ ಫೆಬ್ರುವರಿ 28ರ ಆದೇಶದಲ್ಲಿ ಆಯೋಗ ಎಚ್‌ಟಿ ಕೈಗಾರಿಕೆಗಳ ಯೂನಿಟ್ ದರವನ್ನು 50 ಪೈಸೆ ಇಳಿಸಿತು. ಅದು ಕೇವಲ ಸಂಘಗಳ ವಾದದ ಫಲವೆಂದು ಹೇಳಲಾಗದು. ದುಬಾರಿ ದರಕ್ಕೆ ಬೇಸತ್ತ ದೊಡ್ಡ ಗ್ರಾಹಕರು ಬೇರೆ ಮೂಲಗಳಿಂದ ವಿದ್ಯುತ್ ಕೊಳ್ಳಲು ಹೊರಟಿದ್ದೂ ಒಂದು ಕಾರಣ. ಮರುವರ್ಷ, 2025ರ ಏಪ್ರಿಲ್‌ನಿಂದ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆಯ ಮೇಲ್ತೆರಿಗೆ ಬಂದಿತು. ಇಳಿದದ್ದೇಕೆ, ಏರಿದ್ದೇಕೆ ಎಂಬುದನ್ನು ಆಸಕ್ತನಾದ ಯಾವ ನಾಗರಿಕನಾದರೂ ಓದಿ ತಿಳಿಯಬಹುದು. ಒಪ್ಪದಿದ್ದರೆ ಮೇಲ್ಮನವಿಗೂ ದಾರಿಯಿದೆ.

ಇನ್ನು ದುಡಿಮೆ. ಇಲ್ಲಿ ಚಿತ್ರ ಪೂರಾ ಬೇರೆ. ಕೊರೊನಾ ಲಾಕ್‌ಡೌನ್‌ನ ನಡುವೆ, 2020ರ ಮೇ 22ರಂದು, ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಯ ದುಡಿಮೆಗೆ ಅನುಮತಿ ನೀಡಿತು. ಯಾರ ಕೋರಿಕೆಯ ಮೇಲೆ, ಯಾವ ಲೆಕ್ಕಾಚಾರದ ಮೇಲೆ ಎಂಬುದು ಅಧಿಸೂಚನೆಯಲ್ಲಿ ಇರಲಿಲ್ಲ. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಜೂನ್ 11ರಂದು ಸರ್ಕಾರ ಅದನ್ನು ಹಿಂದೆಗೆದುಕೊಂಡಿತು. ಅದೇ ಮಾದರಿಯ ಗುಜರಾತ್ ಅಧಿಸೂಚನೆಯನ್ನು ಆ ವರ್ಷದ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು.

2023ರ ಫೆಬ್ರುವರಿಯಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ರಾಜ್ಯ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು. ಮೂರು ತಿಂಗಳ ಓವರ್‌ಟೈಮ್ ಮಿತಿ 75ರಿಂದ 144 ಗಂಟೆಗೆ ಏರಿಕೆ. ಷರತ್ತುಗಳೊಂದಿಗೆ ಮಹಿಳೆಯರಿಗೆ ರಾತ್ರಿ ಪಾಳಿ. ಇದರ ಹಿಂದೆ ಆಪಲ್ ಮತ್ತು ಅದರ ತಯಾರಿಕಾ ಪಾಲುದಾರ ಸಂಸ್ಥೆ ಫಾಕ್ಸ್‌ಕಾನ್‌ನ ಒತ್ತಾಸೆ ಇತ್ತೆಂದು ನಾವು ತಿಳಿದುಕೊಂಡದ್ದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ವರದಿಯಿಂದ! ತಿದ್ದುಪಡಿ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಇರಲಿ. ಮೊಬೈಲ್ ಫೋನ್ ಜೋಡಣೆಯ ಘಟಕಗಳು ದೇವನಹಳ್ಳಿಗೆ ಬರುವುದು ಸಾವಿರಾರು ಹೆಣ್ಣುಮಕ್ಕಳಿಗೆ ಉದ್ಯೋಗ ತರಬಹುದೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಆ ಹೆಣ್ಣುಮಕ್ಕಳ ದಿನದ ಗಂಟೆಗಳನ್ನು ಕುರಿತ ಚೌಕಾಶಿ ಅವರಿಗೂ, ಅವರ ಪ್ರತಿನಿಧಿಗಳಿಗೂ ಕಾಣದ ಕೊಠಡಿಯಲ್ಲಿ ನಡೆಯಿತು. 2025ರ ನವೆಂಬರ್ 21ರಿಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ತೆರೆಮರೆಗೆ ಸರಿದಿದೆ. ಸಂಹಿತೆಯಡಿ ನಿಯಮ ರೂಪಿಸುವ ಅಧಿಕಾರದ ದೊಡ್ಡ ಪಾಲು ರಾಜ್ಯದಲ್ಲೇ ಉಳಿದಿರುವುದರಿಂದ ಮನವಿಪತ್ರಗಳ ಸರಣಿ ನಿಲ್ಲುವುದಿಲ್ಲ.

ಒತ್ತಡ ಎಷ್ಟು ವೇಗವಾಗಿ ಫಲಿಸಬಲ್ಲದು ಎಂಬುದನ್ನು ಕನ್ನಡಿಗರು 2024ರ ಜುಲೈನಲ್ಲಿ ಕಣ್ಣಾರೆ ಕಂಡರು. ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ನಾಸ್ಕಾಂ ಆತಂಕ ವ್ಯಕ್ತಪಡಿಸಿತು, ಹೆಸರಾಂತ ಉದ್ಯಮಿಗಳು ಸಾಮಾಜಿಕ ಜಾಲತಾಣದಲ್ಲಿ ಹರಿಹಾಯ್ದರು, ನೆರೆಯ ಆಂಧ್ರಪ್ರದೇಶದ ಸಚಿವರು ಕಂಪನಿಗಳಿಗೆ ಬಹಿರಂಗ ಆಹ್ವಾನವಿತ್ತರು. ಜುಲೈ 17ರ ರಾತ್ರಿಯ ಹೊತ್ತಿಗೆ ಮಸೂದೆ ತಡೆಹಿಡಿಯಲ್ಪಟ್ಟಿತ್ತು. ಎಂಬತ್ತರ ದಶಕದ ಸರೋಜಿನಿ ಮಹಿಷಿ ವರದಿ ದಶಕಗಳಿಂದ ಧೂಳು ಹಿಡಿದು ಕುಳಿತಿರುವ ನಾಡಿನಲ್ಲಿ, ಅದರ ಆಶಯದ ಮಸೂದೆಯೊಂದು ದಿನಗಳ ಲೆಕ್ಕದಲ್ಲಿ ಹುಟ್ಟಿ ಮೂಲೆ ಸೇರಿತು. ಮಸೂದೆಯಲ್ಲಿ ದೋಷಗಳಿದ್ದವು, ಸಂವಿಧಾನಾತ್ಮಕ ತೊಡಕೂ ಇತ್ತು ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಅದರ ಕರಡನ್ನು ಮೊದಲೇ ಜನರ ಮುಂದಿಟ್ಟು ಕನ್ನಡಪರ ಸಂಘಟನೆಗಳನ್ನೂ ಕೈಗಾರಿಕೋದ್ಯಮಿಗಳನ್ನೂ ಒಂದೇ ಸಭೆಯಲ್ಲಿ ಕೂರಿಸಿದ್ದರೆ ಈ ನಗೆಪಾಟಲು ತಪ್ಪುತ್ತಿತ್ತು. ಇದೇ ವೇಗ, ಕೈಗಾರಿಕಾ ಪ್ರದೇಶದ ರಸ್ತೆ-ಚರಂಡಿಗಾಗಿ ಸಂಘಗಳು ವರ್ಷವರ್ಷವೂ ಕೊಡುವ ಮನವಿಗೆ ಏಕಿಲ್ಲ ಎಂದು ಪೀಣ್ಯದ ಮಾಲೀಕ ಕೇಳಿದರೆ ಉತ್ತರ ಸುಲಭವಲ್ಲ.

ಸಂಘ ಯಾರ ಪರವಾಗಿ ಮಾತಾಡುತ್ತದೆ ಎಂಬುದೂ ಕೆದಕಬೇಕಾದ ಪ್ರಶ್ನೆ. ಸಣ್ಣ ಪೂರೈಕೆದಾರನಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು ಎನ್ನುತ್ತದೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ದೂರು ಆಲಿಸುವ ಮಂಡಳಿಯನ್ನು ಸ್ಥಾಪಿಸಬೇಕಾದದ್ದು ರಾಜ್ಯ ಸರ್ಕಾರ. ಹಣ ಉಳಿಸಿಕೊಂಡ ದೊಡ್ಡ ಕಂಪನಿಯೂ, ಹಣಕ್ಕಾಗಿ ಕಾದಿರುವ ಸಣ್ಣ ಘಟಕವೂ ಒಂದೇ ಮಹಾಸಂಸ್ಥೆಯ ಸದಸ್ಯರಾಗಿದ್ದಾಗ ಮನವಿಪತ್ರದಲ್ಲಿ ಆ ಬೇಡಿಕೆ ಎಷ್ಟನೇ ಪುಟಕ್ಕೆ ಸರಿಯುತ್ತದೆ? ದರ ಇಳಿಸಿ, ವಿನಾಯಿತಿ ಕೊಡಿ, ತಪಾಸಣೆ ಕಡಿಮೆ ಮಾಡಿ ಎಂಬ ಬೇಡಿಕೆಗಳು ಎಲ್ಲರಿಗೂ ಹಿತ. ಬಾಕಿ ಕೊಡಿಸಿ ಎಂಬುದು ಸಭೆಯಲ್ಲೇ ಕೆಲವರಿಗೆ ಕಹಿ. ಬೇಡಿಕೆಗಳ ಪಟ್ಟಿ ಬಹಿರಂಗವಾದರೆ ಮೊದಲು ಲಾಭವಾಗುವುದು ಸಂಘದ ಕಿರಿಯ ಸದಸ್ಯನಿಗೇ. ತನ್ನ ಚಂದಾ ಹಣದಲ್ಲಿ ಏನು ಕೇಳಲಾಯಿತು ಎಂದು ಅವನಿಗೂ ತಿಳಿಯುತ್ತದೆ.

ಲಾಬಿಗಾರರು ನೋಂದಣಿ ಮಾಡಿಸಿ ಖರ್ಚಿನ ವಿವರ ಸಲ್ಲಿಸಬೇಕೆಂಬ ಕಾಯ್ದೆ ಅಮೆರಿಕದಲ್ಲಿ 1995ರಿಂದ ಇದೆ. ಭಾರತದಲ್ಲಿ ಅಂಥದ್ದಿಲ್ಲ. ಅದು ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಿಸಿದ ಸಂಗತಿಗಳನ್ನು ಕೇಳದೆಯೇ ಪ್ರಕಟಿಸಬೇಕು, ನಿರ್ಧಾರಗಳಿಗೆ ಕಾರಣ ಕೊಡಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲಿ ತನಗಾಗಿ ರೂಪಿಸಿಕೊಂಡಿತು. ಪಾಲನೆ ಅಷ್ಟಕ್ಕಷ್ಟೆ ಎಂಬುದು ಬೇರೆ ಮಾತು.

ವಿದ್ಯುತ್ ದರಕ್ಕೆ ಸಾಧ್ಯವಾದದ್ದು ಕೂಲಿಗೆ, ದುಡಿಮೆಯ ಗಂಟೆಗೆ, ಭೂಮಿಯ ದರಕ್ಕೆ ಏಕೆ ಸಾಧ್ಯವಾಗಬಾರದು? ಬಜೆಟ್ ಪೂರ್ವಭಾವಿ ಸಭೆಗಳಲ್ಲಿ ಬಂದ ಮನವಿಗಳನ್ನು, ಕೈಗಾರಿಕಾ ಸಂಘಗಳದ್ದಾಗಲಿ ಕಾರ್ಮಿಕ ಸಂಘಟನೆಗಳದ್ದಾಗಲಿ ರೈತರದ್ದಾಗಲಿ, ಹಣಕಾಸು ಇಲಾಖೆ ತನ್ನ ಜಾಲತಾಣದಲ್ಲಿ ಹಾಕಲಿ. ಪ್ರತಿ ಬೇಡಿಕೆಯ ಎದುರು ಒಪ್ಪಿದೆ, ಒಪ್ಪಿಲ್ಲ, ಕಾರಣ ಇದು ಎಂದು ಒಂದು ಸಾಲು ಬರೆಯಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ನಿಗಮ ಬೇಡ. ಒಬ್ಬ ಅಧೀನ ಕಾರ್ಯದರ್ಶಿ, ಇಬ್ಬರು ಗುಮಾಸ್ತರು ಸಾಕು. ಕನಿಷ್ಠ ವೇತನ ಪರಿಷ್ಕರಣೆಗೆಂದು 2025ರ ಏಪ್ರಿಲ್‌ನಲ್ಲಿ ಸರ್ಕಾರ ಕರಡು ಹೊರಡಿಸಿದಾಗ ಉದ್ಯಮ ಸಂಘಟನೆಗಳು ಹೊರೆ ತಾಳಲಾಗದೆಂದೂ, ಕಾರ್ಮಿಕ ಸಂಘಟನೆಗಳು ಬೆಂಗಳೂರಿನ ಬಾಡಿಗೆಗೆ ಅದು ಅಗತ್ಯವೆಂದೂ ವಾದಿಸಿದವು. ಎರಡೂ ಕಡೆಯ ಲೆಕ್ಕದ ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಪೀಣ್ಯದ ಆ ಮಾಲೀಕನಿಗೂ, ಅವನ ಲೇತ್ ಮುಂದೆ ನಿಂತಿರುವ ಕೆಲಸಗಾರನಿಗೂ ಒದಗಬೇಕಿತ್ತು. ಆಯೋಗದ ದರ ಆದೇಶದ ಪುಟಗಳಲ್ಲಿ ಯೂನಿಟ್ಟಿನ ಪ್ರತಿ ಪೈಸೆಗೂ ಸಿಗುವ ವಿವರಣೆ ಅವರ ದಿನಗೂಲಿಯ ರೂಪಾಯಿಗೆ ಇನ್ನೂ ಸಿಕ್ಕಿಲ್ಲ.