ಹಾಲಿನವನು ಬಂದು ಹೋದ ಮೇಲೆ

ಡಾಸ್ ಕಾಲದ ಆಟವೊಂದನ್ನು ಹೊಸ ಕಂಪ್ಯೂಟರಿನಲ್ಲಿ ಆಡಲು ಹುಡುಗ ಕುಳಿತಿದ್ದಾನೆ. ಅದಕ್ಕಾಗಿ ‘ಎಮ್ಯುಲೇಟರ್’ ಹಾಕಿಕೊಂಡಿದ್ದಾನೆ. ಇದು ಹಳೆಯ ಕಂಪ್ಯೂಟರಿನ ವೇಷ ಹಾಕುವ ತಂತ್ರಾಂಶ. ಪರದೆಯ ಮೇಲೆ ಎರಡು ಸಾಲು ಮೂಡಿ, ಎಲ್ಲವೂ ನಿಂತೇಹೋಯಿತು. ‘ಏನು ಒತ್ತಿದೆಯೋ? ಕೆಡಿಸಿಬಿಟ್ಟೆಯಾ?’ ಎಂದು ಅಪ್ಪ ಗದರುತ್ತಾರೆ. ಹುಡುಗನ ತಪ್ಪೇನೂ ಇಲ್ಲದಿರಬಹುದು.

ಕಂಪ್ಯೂಟರಿಗೆ ವಿದ್ಯುತ್ ಕೊಟ್ಟೊಡನೆ ಮೊದಲು ಕೆಲಸಕ್ಕಿಳಿಯುವುದು ಅದರ ಚಿಪ್‌ನಲ್ಲೇ ಬರೆದಿಟ್ಟ ಆದೇಶಗಳ ಕಂತೆ. ಇದೇ ಫರ್ಮ್‌ವೇರ್. 1981ರ ಐಬಿಎಂ ಪಿಸಿಯಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. ಕೀಲಿಮಣೆ, ಡಿಸ್ಕ್ ಮುಂತಾದವು ಪ್ರೊಸೆಸರಿನ ಗಮನ ಬೇಕಾದಾಗ ಅದರ ಕರೆಗಂಟೆ ಒತ್ತುತ್ತವೆ. ಈ ಕರೆಗಂಟೆಯೇ ‘ಇಂಟರಪ್ಟ್’. ಅಲ್ಲಿಯವರೆಗೆ ಬೇರೆ ಕೆಲಸವಿಲ್ಲದಿದ್ದರೆ ಪ್ರೊಸೆಸರ್ ‘ಹಾಲ್ಟ್’ ಎಂಬ ಆದೇಶದಂತೆ ನಿದ್ದೆ ಹೋಗುತ್ತದೆ. ಅಪಾಯ ಇರುವುದು ಇಲ್ಲಿಯೇ.

ಚೀಟಿಯಲ್ಲಿ ಬರೆದಂತೆ ಮಾತ್ರ ನಡೆಯುವ ಅಜ್ಜ ಒಬ್ಬರಿದ್ದಾರೆ ಎನ್ನಿ. ಚೀಟಿಯಲ್ಲಿ ಮೂರೇ ಸಾಲು: ಹಾಲು ಬಂದಿದೆಯೇ ನೋಡು, ಬಂದಿಲ್ಲವಾದರೆ ಕರೆಗಂಟೆಯ ಸ್ವಿಚ್ ಹಾಕು, ಗಂಟೆ ಸದ್ದಾಗುವವರೆಗೆ ಮಲಗು. ಅಜ್ಜ ಸ್ವಿಚ್ ಹಾಕಿದರು. ಮಲಗುವ ಮುನ್ನವೇ ಗಂಟೆ ಸದ್ದಾಯಿತು. ಹೋಗಿ ಹಾಲು ತಂದು ಒಳಗಿಟ್ಟರು. ಚೀಟಿ ನೋಡಿದರೆ ಮುಂದಿನ ಸಾಲು ‘ಮಲಗು’. ಮಲಗಿದರು! ಹಾಲಿನವನು ಬಂದು ಹೋಗಿದ್ದಾನೆ; ಇನ್ನು ಅವರನ್ನು ಎಬ್ಬಿಸುವವರು ಯಾರು?

ಇಂಟೆಲ್ ತಜ್ಞರು ಇದಕ್ಕೊಂದು ಉಪಾಯ ಮಾಡಿದ್ದರು. ಆ ಪಿಸಿಯಲ್ಲಿದ್ದ 8088 ಚಿಪ್‌ನಲ್ಲಿ ಗಂಟೆಗೆ ಅನುಮತಿ ನೀಡುವ ‘ಎಸ್‌ಟಿಐ’ ಆದೇಶ ತಕ್ಷಣ ಜಾರಿಗೆ ಬರುವುದಿಲ್ಲ. ಅದರ ಮುಂದಿನ ಒಂದು ಆದೇಶ ನಡೆದ ಮೇಲೆಯೇ ಗಂಟೆ ಕೇಳಿಸುತ್ತದೆ. ಆ ಮುಂದಿನ ಆದೇಶ ‘ಹಾಲ್ಟ್’ ಆಗಿದ್ದರೆ, ಪ್ರೊಸೆಸರ್ ಮೊದಲು ಮಲಗುತ್ತದೆ. ಗಂಟೆ ಬಳಿಕ ಎಬ್ಬಿಸುತ್ತದೆ. ಎದ್ದು ಚೀಟಿಯ ಮೊದಲ ಸಾಲಿಗೆ ಹೋದರೆ ಹಾಲು ಬಂದಿರುವುದು ತಿಳಿಯುತ್ತದೆ. ಫರ್ಮ್‌ವೇರ್ ಬರೆದವರು ಈ ನಿಯಮವನ್ನು ನಂಬಿಕೊಂಡಿರುತ್ತಾರೆ.

ಎಮ್ಯುಲೇಟರ್ ಬರೆದವರು ಆ ಒಂದು ಹೆಜ್ಜೆಯ ವಿಳಂಬವನ್ನು ಮರೆತರೆ? ಸಾವಿರ ಸಲ ಎಲ್ಲವೂ ಸರಿಯಾಗಿ ನಡೆದು, ಒಂದು ಸಲ ಗಂಟೆ ಆ ಸಂದಿಯಲ್ಲೇ ಬಂದೀತು. ಬೇರಾವ ಗಂಟೆಯೂ ಬಾರದಿದ್ದರೆ ಅನುಕರಣೆಯ ಕಂಪ್ಯೂಟರ್ ಏಳುವುದೇ ಇಲ್ಲ. ಇಂಥ ದೋಷ ಹಿಡಿಯುವುದೂ ಕಷ್ಟ. ಮತ್ತೆ ಪರೀಕ್ಷಿಸಿದರೆ ಮಾಯ! ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ‘ಕ್ಯೂಎಮು’ ತಂತ್ರಾಂಶದಲ್ಲಿ ಈ ವಿಳಂಬಕ್ಕೆಂದೇ ಪ್ರತ್ಯೇಕ ಗುರುತು ಇದೆ.

ಹಳೆಯ ಯಂತ್ರಗಳು ಕೆಟ್ಟು ಮೂಲೆ ಸೇರುತ್ತಿವೆ. ಅವುಗಳ ಆಟ, ಪಾಠ, ಲೆಕ್ಕಪತ್ರಗಳು ಮತ್ತೆ ತೆರೆಯಬೇಕಾದರೆ ಅನುಕರಣೆ ಇಷ್ಟು ಸೂಕ್ಷ್ಮವಾಗಿರಲೇಬೇಕು. ಹುಡುಗ ಎಮ್ಯುಲೇಟರನ್ನು ಮುಚ್ಚಿ ಮತ್ತೆ ತೆರೆಯಲಿ. ಇಂಥ ದೋಷದಿಂದ ಮನೆಯ ಕಂಪ್ಯೂಟರ್ ಕೆಡುವುದಿಲ್ಲ. ಮತ್ತೆ ನಿಂತರೆ, ಯಾವ ಸಾಲಿನ ಬಳಿ ನಿಂತಿತೆಂದು ಬರೆದಿಟ್ಟುಕೊಳ್ಳಲಿ. ದೋಷ ಹುಡುಕುವ ಕೆಲಸ ಶುರುವಾಗುವುದೇ ಅಲ್ಲಿಂದ.